ನೆಲದ ಹತ್ತಿರ ಬಣ್ಣ ಬದಲಿಸುವ ಬೆಂಕಿ

ಲಿವರ್‌ಮೋರ್

ಅಮೆರಿಕಕ್ಕೆ ಹೋಗಿ ನಾನು ಮಾಡಿದ ಮೊದಲ ಘನಕಾರ್ಯವೆಂದರೆ ತಂಗಿಯ ಅಡುಗೆಕಟ್ಟೆಯನ್ನು ಹಾಳು ಮಾಡಿದ್ದು. ಅದೂ ಬಂದಿಳಿದ ನಾಲ್ಕನೆಯ ದಿನಕ್ಕೇ. ಹೋಗಿಬಂದವರೆಲ್ಲ ಸೇತುವೆ, ಸಮುದ್ರ, ಮುಗಿಲು ಮುಟ್ಟುವ ಮರಗಳ ವಿಷಯ ಹೇಳುತ್ತಾರೆ. ನಾನೂ ಆ ಕೆಂಪು ಸೇತುವೆ ನೋಡಲು ಹೋಗಿದ್ದೆ. ಮಂಜು ಕವಿದು ಒಂದು ಕಂಬವೂ ಕಾಣಲಿಲ್ಲ, ಚಳಿಗಾಳಿಗೆ ಕಿವಿನೋವು ಬಂದದ್ದೊಂದೇ ಲಾಭ. ಹಾಗಾಗಿ ಕಟ್ಟೆಯಿಂದಲೇ ಶುರು ಮಾಡುತ್ತೇನೆ.

ನನ್ನ ತಂಗಿ ವತ್ಸಲಾ ಲಿವರ್‌ಮೋರಿನಲ್ಲಿ ನೆಲೆಸಿ ಇಪ್ಪತ್ತೈದು ವರ್ಷದ ಮೇಲಾಯಿತು. ಈ ಸಲ ಅವಳ ಎಡಮಂಡಿಯ ಆಪರೇಷನ್ ಆಗಿತ್ತು. ಗಂಡ ಆಫೀಸಿನ ಕೆಲಸವೆಂದು ಊರೂರು ತಿರುಗುವವರು. "ಅಕ್ಕಾ, ನೀ ಹೆಂಗೂ ರಿಟೈರ್ ಆಗಿದ್ದೀ. ಎರಡು ತಿಂಗಳು ಬಂದು ಇರು" ಎಂದು ಫೋನು ಮಾಡಿದಳು. ಹುಬ್ಬಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಮೂವತ್ತನಾಲ್ಕು ವರ್ಷ ಕೆಮಿಸ್ಟ್ರಿ ಕಲಿಸಿದವಳು ನಾನು. ಸುಮ್ಮನೆ ಕೂಡ್ರುವುದು ನನಗೆ ಗೊತ್ತಿಲ್ಲ. ಶುಕ್ರವಾರ ಬಂತು, ದೇವರ ಮುಂದಿನ ಹಿತ್ತಾಳೆ ದೀಪಗಳು ಕಪ್ಪಿಟ್ಟದ್ದು ಕಣ್ಣಿಗೆ ಬಿತ್ತು. ಹುಣಸೆಹಣ್ಣು ನೆನೆಸಿ, ಬಿಳಿ ಕಟ್ಟೆಯ ಮೇಲೆಯೇ ಇಟ್ಟುಕೊಂಡು ಗಸಗಸ ತಿಕ್ಕಿದೆ. ಹುಣಸೆ ಮೆತ್ತಿದ ದೀಪಗಳನ್ನು ಹಾಗೆಯೇ ಅಲ್ಲಿ ಬಿಟ್ಟು ಸ್ನಾನಕ್ಕೆ ಹೋದೆ.

ಬಂದು ತೊಳೆದರೆ ದೀಪಗಳು ಬಂಗಾರದ ಹಾಗೆ ಹೊಳೆದವು. ಕಟ್ಟೆಯ ಮೇಲೆ ಮಾತ್ರ ಎಷ್ಟು ಒರೆಸಿದರೂ ಹೋಗದ ಮಸುಕು ಕಲೆ. ಕಟ್ಟೆ ಅಮೃತಶಿಲೆಯದು. ಅಮೃತಶಿಲೆ ಎಂದರೆ ಸುಣ್ಣದ ಕಲ್ಲು, ಹುಣಸೆ ಎಂದರೆ ಆಮ್ಲ. ಆಮ್ಲ ಸುಣ್ಣದ ಕಲ್ಲನ್ನು ತಿನ್ನುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆದು, ಎರಡು ಸಲ ಅಡಿಗೆರೆ ಎಳೆದವಳು ನಾನು! ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ.

ವತ್ಸಲಾ ಕುಂಟುತ್ತ ಬಂದು ನೋಡಿದಳು. ಬೈಯುತ್ತಾಳೆಂದುಕೊಂಡರೆ ನಕ್ಕಳು. "ಅಕ್ಕಾ, ನೀ ಕೆಮಿಸ್ಟ್ರಿ ಟೀಚರ್ ಅಂತ ಇಲ್ಲಿ ಯಾರ ಮುಂದೂ ಹೇಳಬ್ಯಾಡ. ನಡಿ, ಹೇವರ್ಡ್‌ನಾಗ ಒಂದು ಕಲ್ಲಿನ ವೇರ್‌ಹೌಸ್ ಅದ, ಪಾಲಿಶ್ ಮಾಡಿ ಕೊಡ್ತಾರ. ನಮ್ಮ ಕಡೆಯವರದs ಅಂತ."

ಈ ಊರಿನಲ್ಲಿ ಕಾರಿಲ್ಲದೆ ಕೊತ್ತಂಬರಿ ಕೂಡ ಸಿಗುವುದಿಲ್ಲ. ಗೇರಿಲ್ಲದ ಕಾರಿಗೆ ಬಲಗಾಲೊಂದೇ ಸಾಕಂತೆ, ಹಾಗಾಗಿ ಅವಳೇ ಓಡಿಸಿದಳು. ದಾರಿಯಲ್ಲಿ ಸಿಗ್ನಲ್ಲಿಲ್ಲದ ಒಂದು ನಾಲ್ಕುದಾರಿ. ನಾಲ್ಕೂ ಕಡೆಯಿಂದ ಬಂದ ಕಾರುಗಳು ನಿಂತವು. ಮೊದಲು ಬಂದವನು ಮೊದಲು ಹೋಗಬೇಕೆಂಬುದು ನಿಯಮ. ಆದರೆ ಯಾರು ಮೊದಲು ಬಂದರೆಂದು ಗೊತ್ತಾಗದೆ ನಾಲ್ವರೂ ಕೈ ಬೀಸಿ ನೀವು ಹೋಗಿ, ನೀವು ಹೋಗಿ ಎನ್ನುತ್ತ ನಿಂತುಬಿಟ್ಟರು. ನಮ್ಮ ಚೆನ್ನಮ್ಮ ಸರ್ಕಲ್ಲಿನಲ್ಲಿ ಇಷ್ಟು ಹೊತ್ತಿಗೆ ಆಟೋದವರು ಮೂವರ ಕನ್ನಡಿ ಒಡೆದು, ನಾಲ್ಕನೆಯವನ ಅಪ್ಪನ ಹೆಸರು ತೆಗೆದು ಮುಂದೆ ಹೋಗಿರುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

ಹೇವರ್ಡ್

ಉದ್ದಕ್ಕೂ ಗೋದಾಮುಗಳು. ಅದರಲ್ಲೊಂದರ ಒಳಗೆ ಕಾಲಿಟ್ಟರೆ ಆಳೆತ್ತರದ ಕಲ್ಲಿನ ಹಲಗೆಗಳು ಪುಸ್ತಕಗಳಂತೆ ಸಾಲಾಗಿ ನಿಂತಿವೆ. ಮುಂದಿನ ಸಾಲಿನ ಮೇಲಿದ್ದ ಚೀಟಿ ಓದಿದೆ: ಇಳಕಲ್. ಇಳಕಲ್ ಕಲ್ಲು ನೋಡಲಿಕ್ಕೆ ಏಳು ಸಮುದ್ರ ದಾಟಿ ಬಂದಂತಾಯಿತು.

ಒಬ್ಬ ಗಂಡ, ಒಬ್ಬ ಹೆಂಡತಿ ಕಲ್ಲನ್ನು ಸೀರೆಯ ಹಾಗೆ ಸವರಿ ಸವರಿ ನೋಡುತ್ತಿದ್ದರು. ಹೆಂಡತಿಯ ಕೈಚೀಲದಲ್ಲಿ ಅರ್ಧ ಹೋಳು ನಿಂಬೆಹಣ್ಣು. ಕಲ್ಲಿನ ತುಂಡಿನ ಮೇಲೆ ಹಿಂಡಿ, ಕಲೆ ಬೀಳುತ್ತದೋ ಎಂದು ಪರೀಕ್ಷಿಸಿಯೇ ಕೊಳ್ಳುತ್ತಾರಂತೆ. ಇಂಥ ಬುದ್ಧಿ ನನಗೆ ಮೊದಲೇ ಬಂದಿದ್ದರೆ! ಅವರ ಜೊತೆಗಿದ್ದ ಹೆಂಗಸು ತಲೆಗೆ ಸ್ಕಾರ್ಫು ಕಟ್ಟಿ, ಕೊರಳಿಗೆ ಅಳತೆಯ ಟೇಪು ಹಾಕಿಕೊಂಡಿದ್ದಳು. ಅವಳು ಒಂದು ಪುಟ್ಟ ಬಾಟಲಿಯಿಂದ ಎರಡು ಕಲ್ಲುಗಳ ಮೇಲೆ ಆಮ್ಲದ ಒಂದೊಂದು ಹನಿ ಬಿಟ್ಟಳು. ಒಂದರ ಮೇಲೆ ಸುಮ್ಮನೆ ನಿಂತಿತು, ಇನ್ನೊಂದರ ಮೇಲೆ ಬುಸ್ಸೆಂದು ನೊರೆ ಎದ್ದಿತು. ಹನಿ ಬಿಡುವಾಗ ಅವಳ ಕೈ ಅಲುಗಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಅಂಥ ಕೈ ನಾನು ಹತ್ತು ನೋಡಿದ್ದರೆ ಹೆಚ್ಚು.

ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು. "ಮೇಡಂ... ಕೆಮಿಸ್ಟ್ರಿ ಮೇಡಂ ಅಲ್ರೀ ನೀವು? ನಾನ್ರಿ, ನಸ್ರೀನ. ಸೈನ್ಸ್ ಬಿ ಸೆಕ್ಷನ್ ಇದ್ದೆ, ಕಿಟಕಿ ಬಾಜು ಕುಂಡ್ರತಿದ್ದೆ."

ಗಿರಾಕಿಗಳನ್ನು ಬಿಟ್ಟು ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಗಂಡ ಕಲ್ಲು ಆರಿಸಲು ಇಳಕಲ್ಲಿಗೇ ಹೋಗಿದ್ದಾರೆ, ಇಲ್ಲಿನ ವ್ಯಾಪಾರವೆಲ್ಲ ತಾನೇ ನೋಡುತ್ತೇನೆ, ಮಗಳು ಬರ್ಕ್ಲಿಯಲ್ಲಿ ರಿಸರ್ಚ್ ಮಾಡುತ್ತಾಳೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. "ಭಾನುವಾರ ಊಟಕ್ಕ ಬರಾಕs ಬೇಕ್ರಿ. ಇಲ್ಲಾ ಅನ್ನಂಗಿಲ್ಲ ನೋಡ್ರಿ." ವತ್ಸಲಾ ಆಗಲಿ ಎಂದಳು. ನಾನು ಕೈ ಬಿಡಿಸಿಕೊಂಡು ಸೆರಗಿನಿಂದ ಮುಖ ಒರೆಸಿಕೊಂಡೆ. ಸಂತೋಷಕ್ಕೆ ಎಂದು ಅವರಿಬ್ಬರೂ ತಿಳಿದುಕೊಂಡರು.

ಸಂತೋಷಕ್ಕಲ್ಲ. ಈ ಹುಡುಗಿಗೆ ನಾನು ಮಾಡಿದ್ದನ್ನು ಇಲ್ಲಿ ಹೇಳಲೇಬೇಕು.

ಮೂವತ್ತು ವರ್ಷದ ಹಿಂದಿನ ಮಾತು. ಪಿಯು ಎರಡನೆಯ ವರ್ಷದ ಪ್ರ್ಯಾಕ್ಟಿಕಲ್ ಪರೀಕ್ಷೆ. ಪ್ರತಿಯೊಬ್ಬರಿಗೂ ಹೆಸರಿಲ್ಲದ ಒಂದು ಲವಣದ ಪುಡಿ ಕೊಡುತ್ತಾರೆ, ಅದು ಯಾವುದೆಂದು ಕಂಡುಹಿಡಿಯಬೇಕು. ಹಾಗೆಂದು ಪುಸ್ತಕದಲ್ಲಿದೆ. ನಿಜದಲ್ಲಿ ಏನೆಂದರೆ, ಲ್ಯಾಬಿನ ಅಟೆಂಡರ್ ಬಸಪ್ಪ ಬೆಳಗ್ಗೆಯೇ ಮೆಟ್ಟಿಲ ಹತ್ತಿರ ನಿಂತು ಯಾವ ಟೇಬಲ್ಲಿಗೆ ಯಾವ ಲವಣ ಎಂದು ಕಿವಿಯಲ್ಲಿ ಊದುತ್ತಿದ್ದ. ಹುಡುಗರು ಉತ್ತರ ಮೊದಲು ಬರೆದು, ಅದಕ್ಕೆ ಹೊಂದುವ ಪ್ರಯೋಗವನ್ನು ಆಮೇಲೆ ಬರೆಯುತ್ತಿದ್ದರು. ನಮಗೆಲ್ಲರಿಗೂ ಗೊತ್ತಿತ್ತು. ನಾವೂ ಹಾಗೆಯೇ ಪಾಸಾದವರು.

ನಸ್ರೀನ ಬಸಪ್ಪನನ್ನು ಕೇಳಲಿಲ್ಲ. ಅವಳ ಪುಡಿ ಕ್ಯಾಲ್ಸಿಯಂ. ತಂತಿಗೆ ಹಚ್ಚಿ ಬರ್ನರಿನ ನೀಲಿ ಉರಿಗೆ ಹಿಡಿದರೆ ಇಟ್ಟಿಗೆ ಕೆಂಪು ಬರಬೇಕು. ಅವಳ ತಂತಿ ಮುರಿದಿತ್ತು. ನಾನು ಬೀರುವಿನಿಂದ ಇನ್ನೊಂದು ತೆಗೆದು, ಅದರ ತುದಿಯ ಉಂಗುರವನ್ನು ಬೆರಳಿನಿಂದ ತಿದ್ದಿ ಕೊಟ್ಟೆ. ಮೇಡಂ ಕೊಟ್ಟ ತಂತಿ ಎಂದು ಅವಳು ಅದನ್ನು ಆಮ್ಲದಲ್ಲಿ ತೊಳೆಯದೆ ಪುಡಿಯಲ್ಲಿ ಅದ್ದಿದಳು. ಉರಿ ಬಂಗಾರದ ಹಳದಿಯಾಯಿತು. ಹಳದಿ ಎಂದರೆ ಸೋಡಿಯಂ.

"ಪುಡಿ ಕರಗಿಸಿ ಮಾಡಿದ ಗ್ರೂಪ್ ಟೆಸ್ಟಿನ್ಯಾಗ ಕ್ಯಾಲ್ಸಿಯಂ ಬಂದೈತ್ರಿ ಮೇಡಂ. ಉರಿಯೊಳಗ ಹಳದಿ ಕಾಣಾಕತ್ತೈತಿ. ಎಲ್ಲೋ ಏನೋ ಬೆರಕಿ ಆಗೈತಿ. ಹತ್ತು ನಿಮಿಷ ಕೊಡ್ರಿ, ಮತ್ತೊಮ್ಮೆ ಮಾಡ್ತೀನಿ."

ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಪಕ್ಕದಲ್ಲೇ ಕೂತಿದ್ದರು. ನನ್ನ ಮರ್ಯಾದೆಯ ಪ್ರಶ್ನೆ. "ಎರಡು ದೋಣಿಯೊಳಗ ಕಾಲಿಡಬ್ಯಾಡ" ಎಂದೆ. "ನಿನಗ ಕಂಡದ್ದು ಯಾರು ಕೇಳ್ಯಾರ? ಬರಬೇಕಾದ್ದು ಬರಿ."

"ಆದ್ರ ನನಗ ಹಳದೀನs ಕಂಡೈತ್ರಿ" ಎಂದಳು, ಮೆಲ್ಲಗೆ. ಅದನ್ನೇ ಬರೆದಳು ಕೂಡ. ನಾನು ಎಲ್ಲರ ಎದುರಿಗೆ ಅವಳ ಉತ್ತರಪತ್ರಿಕೆಗೆ ಅಡ್ಡಗೆರೆ ಎಳೆದು, ಪಾಸಾಗುವಷ್ಟು ಅಂಕ ಕೊಟ್ಟೆ.

ಸಂಜೆ ಬಸಪ್ಪ ನನ್ನ ಟೇಬಲ್ಲು ಒರೆಸಲು ಬಂದ. ಪೇಪರಿನ ಮೇಲೆ ಮಾವಿನಕಾಯಿಯ ಹೋಳು, ಉಪ್ಪುಖಾರ. ಮಧ್ಯಾಹ್ನವೆಲ್ಲ ನಾನೂ ಆ ಪರೀಕ್ಷಕರೂ ಅದನ್ನೇ ನಂಜಿಕೊಳ್ಳುತ್ತ ಕೂತಿದ್ದೆವು. ತಿದ್ದಿಕೊಟ್ಟ ತಂತಿ ನೆನಪಾಯಿತು. ಬರ್ನರು ಹಚ್ಚಿ, ಒಂದು ಶುದ್ಧ ತಂತಿಗೆ ಬೆರಳು ಸವರಿ ಉರಿಗೆ ಹಿಡಿದೆ. ಬಂಗಾರದ ಹಳದಿ. ಅವಳು ಕಂಡದ್ದು ನನ್ನ ಬೆರಳಿನ ಉಪ್ಪು.

ಅಂಕಪಟ್ಟಿಯ ಕವರಿಗೆ ಇನ್ನೂ ಅರಗು ಹಾಕಿರಲಿಲ್ಲ. ಪರೀಕ್ಷಕರು ಲಾಡ್ಜಿನಲ್ಲಿದ್ದರು, ಕರೆಸಿ ತಿದ್ದಿ ಇಬ್ಬರೂ ಸಹಿ ಮಾಡಿದ್ದರೆ ಮುಗಿಯುತ್ತಿತ್ತು. ಆದರೆ ಯಾಕೆ ತಿದ್ದಿದಿರಿ ಎಂದು ಪ್ರಿನ್ಸಿಪಾಲರು ಕೇಳುತ್ತಾರೆ. ಲ್ಯಾಬಿನಲ್ಲಿ ಕೂತು ಮಾವಿನಕಾಯಿ ತಿಂದೆ ಎಂದು ಬರೆದುಕೊಡಬೇಕು. ನಾನು ಮೇಣದಬತ್ತಿ ಹಚ್ಚಿ, ಅರಗು ಕರಗಿಸಿ, ಕವರು ಮುಚ್ಚಿದೆ. ಅವಳಿಗೆ ಬಿ.ಫಾರ್ಮ ಸೀಟು ಬೇಕಿತ್ತು. ಸ್ವಲ್ಪದರಲ್ಲಿ ತಪ್ಪಿತು, ಬಿ.ಕಾಂ. ಸೇರಿದಳು ಎಂದು ಆಮೇಲೆ ಯಾರೋ ಹೇಳಿದರು.

ಈಗ ದೇವರು ಅವಳನ್ನು ಎದುರಿಗೇ ತಂದು ನಿಲ್ಲಿಸಿದ್ದ. ಊರಿಗೆ ಮರಳುವುದರೊಳಗೆ ಹೇಳಿಬಿಡಬೇಕು ಎಂದು ಕಾರಿನಲ್ಲೇ ನಿಶ್ಚಯಿಸಿದೆ. ವತ್ಸಲಾಳಿಗೆ ಎಲ್ಲ ಹೇಳಿದೆ. "ಬಿಡs ಅಕ್ಕಾ. ಮೂವತ್ತು ವರ್ಷ ಆತು. ಅಷ್ಟು ಚಲೋ ಬಿಸಿನೆಸ್ಸು, ಅಂಥಾ ಮಗಳು. ಆಕಿಗೆ ನೆನಪೂ ಇರಲಿಕ್ಕಿಲ್ಲ" ಎಂದಳು. ಆ ಮಾತು ಎಷ್ಟು ಹಿತವಾಗಿತ್ತೆಂದರೆ ನಾನು ತಕ್ಷಣ ನಂಬಿಬಿಟ್ಟೆ.

ಹೇವರ್ಡ್, ಭಾನುವಾರ

ನಸ್ರೀನಳ ಮನೆಯಲ್ಲಿ ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ. "ಪಾತ್ರೆ ಎಲ್ಲಾ ಹೊಸಾವ್ರಿ ಮೇಡಂ, ನಿಮ್ಮ ಸಲುವಾಗಿನs ತಂದೀನಿ" ಎಂದಳು. ನಾನು ಮಾಂಸ ತಿನ್ನದವಳು ಎಂಬುದು ಅವಳಿಗೆ ನೆನಪಿತ್ತು. ಹೊಸ ಪಾತ್ರೆ ಬೇಕೆಂದು ನಾನು ಕೇಳಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೇರೆಯವರಿಗೆ ಏನು ಬೇಕೆಂದು ಅವರಿಗಿಂತ ಮೊದಲೇ ಊಹಿಸಿಟ್ಟುಕೊಳ್ಳುವ ಸ್ವಭಾವ ಅವಳದು.

ಮಗಳು ಜೋಯಾ ಬಂದಿದ್ದಳು. ಕನ್ನಡ ಪೂರಾ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಡುನಡುವೆ ತಾಯಿಯಿಂದ ಕಲಿತ ಹುಬ್ಬಳ್ಳಿ ಮಾತು ಇಣುಕುತ್ತಿತ್ತು. ನನ್ನನ್ನು "ಮೇಡಂ ಆಂಟಿ" ಎಂದು ಕರೆದಳು. ಬೆಂಕಿಯ ಮೇಲೇ ಅವಳ ರಿಸರ್ಚು. ಊಟವಾದ ಮೇಲೆ ಟೀವಿಯಲ್ಲಿ ರಾಕೆಟ್ಟೊಂದು ಮುಗಿಲಿನಿಂದ ತಿರುಗಿ ಬಂದು ನೆಲಕ್ಕೆ ನೆಟ್ಟಗೆ ಇಳಿಯುವ ವಿಡಿಯೋ ಹಾಕಿದಳು. ಆಹಾ, ಏನು ನೋಟ! ಬುಡದಿಂದ ನೀಲಿ-ನೇರಳೆ ಉರಿ, ನಮ್ಮ ಗ್ಯಾಸಿನ ಒಲೆಯದೇ ಬಣ್ಣ. ಇಳಿದು, ಇಳಿದು, ನೆಲ ಇನ್ನೇನು ಹತ್ತಿರ ಬಂತು ಎನ್ನುವಾಗ ಆ ನೀಲಿಯೆಲ್ಲ ಒಮ್ಮೆಲೇ ಕಿತ್ತಳೆಯಾಗಿ ಸುತ್ತಲೂ ಹರಡಿತು.

"ಮೇಡಂ ಆಂಟಿ, ಯಾಕ ಹಂಗ ಆಗ್ತೈತಿ ಹೇಳ್ರಿ ನೋಡೂಣು" ಎಂದಳು ಜೋಯಾ.

ಕೇಳಬೇಕೆ! ಮೂವತ್ತನಾಲ್ಕು ವರ್ಷದ ಚಟ. ಗೊತ್ತಿಲ್ಲ ಎನ್ನುವ ಮಾತು ನನ್ನ ನಾಲಿಗೆಗೆ ಬರುವುದೇ ಇಲ್ಲ. "ಸರಳ ಅದ" ಎಂದೆ. "ನೆಲದ ಹತ್ತಿರ ಬೆಂಕಿ ತಣ್ಣಗಾಗ್ತದ. ಕುಲುಮಿಯೊಳಗಿನ ಕಬ್ಬಿಣ ಆರ್ತಾ ಆರ್ತಾ ಬೆಳ್ಳಗಿದ್ದದ್ದು ಕೆಂಪಗಾಗಂಗಿಲ್ಲೇನು? ಹಂಗs."

ನಸ್ರೀನ ಪಾತ್ರೆ ಎತ್ತುತ್ತಿದ್ದವಳು ನಿಂತಳು. "ಮೇಡಂ, ಸಾರು ಉಕ್ಕಿ ಗ್ಯಾಸಿನ ಮ್ಯಾಲೆ ಚೆಲ್ಲಿದ್ರ ನೀಲಿ ಉರಿ ಹಳದಿ ಆಗ್ತೈತಲ್ರಿ, ಸಾರಿನ ಉಪ್ಪಿಗೆ. ಇಲ್ಲೂ ನೆಲದ ಧೂಳಾಗ ಏನರ..."

"ಅಡಗಿಮನಿ ತಂದು ರಾಕೆಟ್ಟಿಗೆ ಹಚ್ಚತೀಯೇನs?" ಎಂದು ನಾನು ನಕ್ಕೆ. ವತ್ಸಲಾಳೂ ನಕ್ಕಳು.

ನಸ್ರೀನಳೂ ನಕ್ಕುಬಿಟ್ಟಳು. "ಹೌದಲ್ರಿ. ನೀವು ಹೇಳಿದ ಮ್ಯಾಲೆ ಹಂಗs ಇರಬೇಕ್ರಿ." ಜೋಯಾ ಏನೋ ಹೇಳಲು ಬಾಯಿ ತೆರೆದಳು. ತಾಯಿ ಅವಳ ಭುಜ ಮುಟ್ಟಿದ ಕೂಡಲೇ ಸುಮ್ಮನಾದಳು. ಗುರುವಾರ ಬರ್ಕ್ಲಿಗೆ ಬನ್ನಿ, ನನ್ನ ಲ್ಯಾಬು ತೋರಿಸುತ್ತೇನೆ ಎಂದಷ್ಟೇ ಹೇಳಿದಳು. ಅಂದು ನಾನು ಹೇಳಬೇಕೆಂದು ಹೋದ ಮಾತು ಬಾಯಿಯಲ್ಲೇ ಉಳಿಯಿತು. ರೊಟ್ಟಿ ಕಟ್ಟಿಸಿಕೊಂಡು ಬಂದೆ.

ಬರ್ಕ್ಲಿ

ಗುರುವಾರ ನಸ್ರೀನ ವೇರ್‌ಹೌಸಿಗೆ ರಜೆ ಹಾಕಿ ನನ್ನನ್ನು ಕಾರಿನಲ್ಲಿ ಕರೆದೊಯ್ದಳು. ಏರು ರಸ್ತೆಗಳ ಊರು. ಯೂನಿವರ್ಸಿಟಿಯ ಹುಲ್ಲಿನ ಮೇಲೆ ಹುಡುಗ ಹುಡುಗಿಯರು ಅಂಗಾತ ಮಲಗಿ, ಪುಸ್ತಕವನ್ನು ಮುಖದ ಮೇಲೆ ಹಿಡಿದು ಓದುತ್ತಿದ್ದರು. ನಮ್ಮ ಕಾಲೇಜಿನಲ್ಲಿ ಹಾಗೆ ಮಲಗಿದ್ದರೆ ನಾನೇ ಕೋಲು ಹಿಡಿದು ಓಡುತ್ತಿದ್ದೆ. ಒಬ್ಬ ಬಿಳಿಗಡ್ಡದ ಪ್ರೊಫೆಸರರು ಅವರ ನಡುವೆ ದಾರಿ ಮಾಡಿಕೊಂಡು, ಯಾರ ಕಾಲನ್ನೂ ತುಳಿಯದೆ ಹೋದರು. ಯಾರೂ ಎದ್ದು ನಿಲ್ಲಲಿಲ್ಲ.

ಲ್ಯಾಬಿನ ಬಾಗಿಲಲ್ಲಿ ತೊಂದರೆ ಶುರುವಾಯಿತು. ಒಳಗೆ ಹೋಗುವವರಿಗೆ ಕನ್ನಡಕ ಬೇಕು, ಮೇಲಂಗಿ ಬೇಕು, ಪಾದ ಮುಚ್ಚುವ ಬೂಟು ಬೇಕು. ಕನ್ನಡಕ, ಅಂಗಿ ಅಲ್ಲೇ ಇದ್ದವು. ನನ್ನ ಕಾಲಿನಲ್ಲಿ ಮಾತ್ರ ಊರಿನಿಂದ ಹಾಕಿಕೊಂಡು ಬಂದ ತೆರೆದ ಚಪ್ಪಲಿ. ಜೋಯಾ ಪೆಚ್ಚಾದಳು. ನಿಯಮವೆಂದರೆ ನಿಯಮ, ಅವಳಿಗೂ ಮುರಿಯುವಂತಿಲ್ಲ.

ನಸ್ರೀನ ಆಗಲೇ ಬಗ್ಗಿ ತನ್ನ ಬೂಟಿನ ದಾರ ಬಿಚ್ಚುತ್ತಿದ್ದಳು. "ನನ್ನs ಹಾಕ್ಕೊಳ್ರಿ ಮೇಡಂ. ನಾ ಇಲ್ಲೇ ನಿಂದರ್ತೀನಿ. ನಂದೇನ್ರಿ, ಎಷ್ಟೋ ಸಲ ನೋಡೀನಿ."

ಬೇಡ ಎನ್ನಬೇಕಿತ್ತು. ನನ್ನ ಕಣ್ಣು ಆಗಲೇ ಒಳಗಿನ ಬರ್ನರುಗಳ ಮೇಲಿತ್ತು. ಹಾಕಿಕೊಂಡು ಒಳಗೆ ಹೋದೆ.

ಜೋಯಾ ಗ್ಯಾಸು ಹಚ್ಚಿದಳು. ಶುದ್ಧ ನೀಲಿ ಉರಿ. ಒಂದು ಡಬ್ಬಿಯಿಂದ ಕಾಂಕ್ರೀಟಿನ ಧೂಳನ್ನು ಚಿಟಿಕೆಯಷ್ಟು ಉದುರಿಸಿದಳು. ಉರಿ ಭಗ್ಗನೆ ಕಿತ್ತಳೆಯಾಯಿತು. ರಾಕೆಟ್ಟು ಇಳಿಯುವಾಗ ನೆಲದ ಧೂಳೆದ್ದು ಉರಿಯಲ್ಲಿ ಬೆರೆಯುತ್ತದೆ, ಆ ಧೂಳಿನಲ್ಲಿ ಉಪ್ಪಿನ ಸೋಡಿಯಂ ಇದೆ, ಸುಣ್ಣದ ಕ್ಯಾಲ್ಸಿಯಂ ಇದೆ, ಸೋಡಿಯಂ ಎಳ್ಳಷ್ಟಿದ್ದರೂ ಹಳದಿ ಎದ್ದು ಕಾಣುತ್ತದೆ ಎಂದಳು. ಇನ್ನೊಂದು ಕಾರಣವೂ ಇದೆ. ಇಂಜಿನ್ನಿನಿಂದ ಬರುವ ಅನಿಲದಲ್ಲಿ ಸುಡದೆ ಉಳಿದ ಇಂಧನ ಇರುತ್ತದೆ. ಅಷ್ಟು ವೇಗದಲ್ಲಿ ಬಂದದ್ದು ನೆಲಕ್ಕೆ ಬಡಿದು ನಿಂತಾಗ ಮತ್ತೆ ಬಿಸಿಯೇರುತ್ತದೆ. ಅಲ್ಲಿ ಗಾಳಿಯೊಂದಿಗೆ ಕಲಸಿ, ಉಳಿದದ್ದು ಹೊತ್ತಿಕೊಳ್ಳುತ್ತದೆ. ಅದರಲ್ಲಿ ಹುಟ್ಟುವ ಮಸಿಯ ಕಣಗಳು ಕೆಂಡದ ಹಾಗೆ ಕಿತ್ತಳೆಯಾಗಿ ಹೊಳೆಯುತ್ತವೆ. ಯಾವುದರ ಪಾಲು ಎಷ್ಟು ಎಂದು ವಿಡಿಯೋ ಒಂದನ್ನೇ ನೋಡಿ ಹೇಳಲಾಗದು, ಅಳೆದೇ ನೋಡಬೇಕು.

ಅಂದರೆ ತಣ್ಣಗಾಗುವುದಲ್ಲ, ಬಿಸಿಯಾಗುವುದು. ನಾನು ಹೇಳಿದ್ದು ಪೂರಾ ತಲೆಕೆಳಗು.

"ಭಾನುವಾರನs ಹೇಳಬಾರದಿತ್ತೇನ?" ಎಂದೆ.

"ಅಮ್ಮಿ ಬ್ಯಾಡ ಅಂದ್ಲು" ಎಂದಳು ಜೋಯಾ, ಮುಜುಗರದಿಂದ. "ಉಪ್ಪಿನ ಮಾತು ಅಮ್ಮೀದs. ನಾ ಹತ್ತು ವರ್ಷದಾಕಿ ಇದ್ದಾಗ ಸಾರು ಚೆಲ್ಲಿ ತೋರಿಸಿದ್ಲು. ಅದಕ್ಕs ನಾ ಈ ಸಬ್ಜೆಕ್ಟಿಗೆ ಬಂದೆ." ಆಮೇಲೆ ಇಂಗ್ಲಿಷಿನಲ್ಲಿ ಹೇಳಿದಳು: ಅಮ್ಮಿ ಇವತ್ತಿನವರೆಗೆ ಈ ಲ್ಯಾಬಿನೊಳಗೆ ಕಾಲಿಟ್ಟಿಲ್ಲ, ವೇರ್‌ಹೌಸು ಬಿಡುವುದಕ್ಕೇ ಆಗುವುದಿಲ್ಲ, ಇವತ್ತು ನಿಮ್ಮ ನೆವದಿಂದಲಾದರೂ ನೋಡುತ್ತಾಳೆಂದು ಆಸೆಪಟ್ಟಿದ್ದೆ.

ನಾನು ತಿರುಗಿ ನೋಡಿದೆ. ಬಾಗಿಲಿನ ಗಾಜಿನಾಚೆ ನಸ್ರೀನ ನನ್ನ ಚಪ್ಪಲಿ ಮೆಟ್ಟಿಕೊಂಡು, ಗಾಜಿಗೆ ಮುಖ ಹತ್ತಿಸಿ ಆ ಕಿತ್ತಳೆ ಉರಿಯನ್ನು ನೋಡುತ್ತಿದ್ದಳು. ನನ್ನ ಕಣ್ಣಿಗೆ ಬಿದ್ದೊಡನೆ ಸರಿದು ನಿಂತಳು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಎರಡನೆಯ ಸಲ ನಾನು ಇವಳನ್ನು ಲ್ಯಾಬಿನಿಂದ ಹೊರಗೆ ಹಾಕಿದ್ದೆ.

ಕೂಡಲೇ ಹೊರಗೆ ಬಂದು ಬೂಟು ಕಳಚಿದೆ. "ನೀ ಹೋಗು ಒಳಗ" ಎಂದರೆ ಕೇಳಲಿಲ್ಲ. "ಇಲ್ರಿ, ವ್ಯಾಳ್ಯಾ ಆಗೈತಿ, ಫ್ರೀವೇ ಜಾಮ್ ಆಗ್ತೈತಿ. ಮುಂದ ಯಾವಾಗರ ನೋಡ್ತೀನಿ." ಜೋಯಾ ಒಳಗೆ ಗ್ಯಾಸು ಬಂದ್ ಮಾಡುತ್ತಿದ್ದಳು. ಕಾರಿಡಾರಿನಲ್ಲಿ ನಾವಿಬ್ಬರೇ. ಅಲ್ಲಿಯೇ, ಬರಿಗಾಲಿನಲ್ಲಿ ನಿಂತು ಎಲ್ಲ ಹೇಳಿದೆ. ಮಾವಿನಕಾಯಿ, ಉಪ್ಪುಖಾರ, ತಂತಿ, ಸಂಜೆ ನಾನೇ ಮಾಡಿ ನೋಡಿದ್ದು, ಅರಗು.

"ಗೊತ್ತೈತ್ರಿ ಮೇಡಂ" ಎಂದಳು.

"ಏನು ಗೊತ್ತದ?"

"ನೀವು ತಂತಿ ತಿದ್ದಿಕೊಟ್ಟಾಗ ಬೆರಳಿಗೆ ಖಾರ ಹತ್ತಿತ್ತಲ್ರಿ, ನೋಡಿದ್ದೆ. ಉಪ್ಪು ಅಂತ ಬಸ್ಸಿನಾಗ ಕುಂತ ಮ್ಯಾಲೆ ಹೊಳೀತು."

"ಹುಚ್ಚಿ, ಮತ್ತ ಬಂದು ಹೇಳಬೇಕಿಲ್ಲೇನು?"

"ಬಂದಿದ್ದೆನಲ್ರಿ. ಮೂರು ದಿನ ಬಂದೆ. ಸ್ಟಾಫ್ ರೂಮಿನ ಹೊರಗ ಬೆಂಚಿನ ಮ್ಯಾಲೆ ಕುಂತಿದ್ದೆ. ಏನ ನಸ್ರೀನ, ಆರಾಮ? ಅಂತ ಕೇಳಿ ನೀವು ಒಳಗ ಹೋಗ್ತಿದ್ರಿ. ನೀವs ಕರದು ಹೇಳ್ತೀರಿ ಅಂತ ಕಾಯ್ದೆ."

ಆ ಬೆಂಚು ನನಗೂ ನೆನಪಿದೆ. ಮೂರನೆಯ ದಿನ ಅವಳು ಕೂತದ್ದನ್ನು ದೂರದಿಂದಲೇ ಕಂಡು, ನಾನು ಹಿಂದಿನ ಬಾಗಿಲಿನಿಂದ ಮನೆಗೆ ಹೋಗಿದ್ದೆ. ಇದೊಂದನ್ನು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

"ನಂದು ತಪ್ಪಾತು ನಸ್ರೀನ. ಕ್ಷಮಾ ಮಾಡವ್ವಾ" ಎಂದು ಅವಳ ಕೈ ಹಿಡಿದುಕೊಂಡೆ.

"ಅಯ್ಯ, ಬಿಡ್ರಿ ಮೇಡಂ. ಅದೇನ್ ದೊಡ್ಡ ಮಾತು? ನಾ ಅದನ್ನ ಅವಾಗs ಮರ್ತೀನಿ" ಎಂದು ನಕ್ಕಳು. ನಾನು ಬಗ್ಗುವುದಕ್ಕೆ ಮೊದಲೇ ತಾನೇ ಬಗ್ಗಿ, ಚಪ್ಪಲಿಗಳನ್ನು ಕಳಚಿ ನನ್ನ ಕಾಲಿನ ಮುಂದೆ ಜೋಡಿಸಿಟ್ಟಳು.

ಮರೆತವಳು ಬೆರಳಿನ ಖಾರವನ್ನೂ ಬೆಂಚಿನ ಮೂರು ದಿನಗಳನ್ನೂ ಹಾಗೆ ಬಿಡಿಬಿಡಿಯಾಗಿ ಹೇಳಲಾರಳು. ನನಗೆ ಯಾವ ಮಾತು ಬೇಕಿತ್ತೋ ಅದನ್ನೇ ಹೇಳಿದಳು, ಅಷ್ಟೇ. ಕಂಡದ್ದನ್ನು ಬಿಟ್ಟು ಬರಬೇಕಾದ್ದನ್ನು ಹೇಳು ಎಂದು ಅವಳಿಗೆ ಕಲಿಸಿದವಳು ನಾನೇ. ಅವಳ ಮನಸ್ಸಿನಲ್ಲಿ ನಿಜವಾಗಿ ಏನಿದೆ ಎಂದು ಇನ್ನು ಯಾವ ಬಾಯಿಂದ ಕೇಳಲಿ?